ಹದಿನಾರು ವಾರ

ಉತ್ತರದ ಜಿಲ್ಲೆಗಳಿಗೆ ‘ಮೂಗು’ ಬಂದ ವರ್ಷ ಕಸ್ತೂರಿ ಕೆರೂರಳಿಗೆ ಇಪ್ಪತ್ತೊಂಬತ್ತು ವಯಸ್ಸು. ಬಾಗಲಕೋಟೆಯ ನವನಗರದಲ್ಲಿದ್ದ ನಾಳ ಯೋಜನಾ ಕೇಂದ್ರದಲ್ಲಿ ಅವಳು ತಂತ್ರಜ್ಞೆ. ರೋಗಿಗಳ ತೋಳಿನ ಮೇಲೆ ಅಲ್ಟ್ರಾಸೌಂಡ್ ಕಡ್ಡಿ ಆಡಿಸಿ ಒಳಗಿನ ರಕ್ತನಾಳಗಳ ನಕ್ಷೆ ತೆಗೆಯುವುದು ಅವಳ ಕೆಲಸ.

ಮೂಗು ಎಂಬುದು ಜನ ಇಟ್ಟ ಹೆಸರು. ಅಕ್ಕಿಕಾಳಿನಷ್ಟು ಸಣ್ಣ ಸಾಧನ ಅದು. ಮೂತ್ರಪಿಂಡ ಕೈಕೊಟ್ಟವರಲ್ಲಿ ಅನೇಕರು ಮನೆಯಲ್ಲೇ ಹೊಟ್ಟೆ ಡಯಾಲಿಸಿಸ್ ಮಾಡಿಕೊಳ್ಳುತ್ತಾರೆ. ಹೊಟ್ಟೆಗೆ ಹಾಕಿದ ಸಣ್ಣ ನಳಿಕೆಯಿಂದ ದಿನಕ್ಕೆ ನಾಲ್ಕು ಸಲ ದ್ರವ ಒಳಗೆ ಬಿಟ್ಟು, ಕೆಲವು ತಾಸು ಇರಿಸಿಕೊಂಡು, ಹೊರಗೆ ಇಳಿಸುವುದು. ಕರುಳಿನ ಸುತ್ತಲಿನ ತೆಳ್ಳನೆಯ ಪೊರೆಯೇ ಆಗ ರಕ್ತ ಸೋಸುವ ಜರಡಿ. ಆ ಪೊರೆ ಐದಾರು ವರ್ಷಕ್ಕೋ ಎಂಟು ವರ್ಷಕ್ಕೋ ದಣಿಯುತ್ತದೆ. ಯಾವಾಗ ದಣಿಯುತ್ತದೆಂದು ಮೊದಲು ಯಾರಿಗೂ ಹೇಳಲು ಆಗುತ್ತಿರಲಿಲ್ಲ. ನಳಿಕೆಯ ಬಾಯಲ್ಲಿ ಕೂತ ಮೂಗು ಹೊರಬರುವ ದ್ರವವನ್ನು ಮೂಸಿ, ಇನ್ನೆಷ್ಟು ವಾರ ಎಂದು ಹೇಳುತ್ತಿತ್ತು. ಮೂರು ದಿನಕ್ಕಿಂತ ಹೆಚ್ಚು ತಪ್ಪಿದ್ದು ಕಡಿಮೆ.

ಪೊರೆ ದಣಿದ ಮೇಲೆ ರಕ್ತ ಸೋಸುವ ಯಂತ್ರವೇ ಗತಿ. ಆ ಯಂತ್ರಕ್ಕೆ ವಾರಕ್ಕೆ ಮೂರು ಸಲ ದಪ್ಪ ಸೂಜಿ ತಾಳಿಕೊಳ್ಳುವ ನಾಳ ಬೇಕು. ಅದಕ್ಕಾಗಿ ಮುಂಚೆಯೇ ಮಣಿಕಟ್ಟಿನಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಕೂಡಿಸಿ ಹೊಲಿಯುತ್ತಾರೆ. ರಕ್ತದ ಒತ್ತಡಕ್ಕೆ ಅಭಿಧಮನಿ ವಾರಗಟ್ಟಲೆ ಹಿಗ್ಗಿ, ಹಗ್ಗದಂತೆ ಉಬ್ಬಿ, ಮುಟ್ಟಿದರೆ ಬೆರಳಿಗೆ ಗುಂಯ್ ಅನ್ನುತ್ತದೆ. ಅದೇ ಫಿಸ್ಟುಲಾ. ಮೂಗು ಹೇಳಿದ ದಿನಕ್ಕೆ ಹದಿನಾರು ವಾರ ಮುಂಚೆ ಅದನ್ನು ಮಾಡಿಸಬೇಕೆಂಬುದು ಆಗಿನ ನಿಯಮ.

ಜನ ಇದಕ್ಕೆ ಬೇಗ ಒಗ್ಗಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ “ನಿಮ್ಮದು ಎಷ್ಟೈತ್ರಿ?” ಎಂದು ವಾರ ಕೇಳುವರು. ಲಗ್ನದ ಮುಹೂರ್ತ ತೆಗೆಸುವವರು ಅಜ್ಜನ ವಾರವನ್ನೂ ನೋಡಿಕೊಂಡೇ ಹೋಗುವರು. ಯಾವ ಕೈಯ ನಾಳ ಕಾಯ್ದಿಡಬೇಕೋ ಆ ಕೈಗೆ ಹಸಿರು ಪಟ್ಟಿ. ಆ ಕೈಗೆ ಯಾವ ದವಾಖಾನೆಯಲ್ಲೂ ಸೂಜಿ ಚುಚ್ಚುವಂತಿಲ್ಲ. ಬಳೆ ತೊಡಿಸುವವರು ಕೂಡ ಹಸಿರು ಪಟ್ಟಿ ಕಂಡರೆ ಇನ್ನೊಂದು ಕೈ ಕೇಳುವರು.

ಕಸ್ತೂರಿಯ ತಂಗಿ ದ್ರಾಕ್ಷಾಯಣಿಗೂ ಒಂದು ಮೂಗಿತ್ತು. ತಾಯಿ ಗೌರವ್ವ ಮತ್ತು ಅವಳು ಸೇರಿ ಮನೆಯ ಮುಂದಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ಹೊಟ್ಟೆಯಲ್ಲಿ ಎರಡು ಲೀಟರ್ ದ್ರವ ಇಟ್ಟುಕೊಂಡೇ ದ್ರಾಕ್ಷಾಯಣಿ ಮುಂಜಾನೆ ನೂರು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತೇಳು ವಯಸ್ಸು, ಕಡ್ಡಿಯಂಥ ತೋಳು.

ಅವಳ ನಕ್ಷೆ ತೆಗೆದವಳು ಕಸ್ತೂರಿಯೇ.

“ಅಕ್ಕಾ, ಬಲಗೈಗೆ ಹಸರ ಪಟ್ಟಿ ಕಟ್ಟಬ್ಯಾಡ. ರೊಟ್ಟಿ ಬಡಿಯೂ ಕೈ ಅದು.”

“ಎಡಗೈಯಾಗ ನಾಳ ಭಾಳ ಸಣ್ಣ ಅದಾವ ಲೇ. ಎರಡು ಮಿಲಿಮೀಟರ್ ಸುದ್ದಾ ಇಲ್ಲ.”

“ಸಣ್ಣ ಇದ್ರ ದೊಡ್ಡವು ಮಾಡ್ರಿ. ಅದಕ್ಕಲ್ಲೇನು ನಿಮ್ಮ ಆಫೀಸ ಇರೂದು?” ಎಂದು ಅವಳು ನಕ್ಕಿದ್ದಳು.

ಸಣ್ಣ ನಾಳವೂ ದೊಡ್ಡದಾಗುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಹದಿನಾರು ವಾರದಲ್ಲಿ ಆದೀತೆಂದು ಲೆಕ್ಕ ಹಾಕಿ ಕಸ್ತೂರಿ ಎಡಗೈಗೇ ಹಸಿರು ಪಟ್ಟಿ ಕಟ್ಟಿದ್ದಳು. ದ್ರಾಕ್ಷಾಯಣಿಯ ಮೂಗು ಇಪ್ಪತ್ತು ವಾರ ತೋರಿಸುತ್ತಿದ್ದಾಗ ನಿಯಮ ಬದಲಾಯಿತು.

ಬದಲಾಯಿಸಿದವರು ಕೇಂದ್ರದ ನಿರ್ದೇಶಕರು, ಡಾಕ್ಟರ್ ವಸಂತ ತೇರದಾಳ. ಮಾಡಿಸಿದ ಹತ್ತು ಫಿಸ್ಟುಲಾಗಳಲ್ಲಿ ನಾಲ್ಕು ಬಳಕೆಗೇ ಬರುವುದಿಲ್ಲವೆಂದು ಅವರು ಪ್ರಬಂಧ ಬರೆದರು. ಕೆಲವರಿಗೆ ಅಷ್ಟರಲ್ಲಿ ಬೇರೆ ಮೂತ್ರಪಿಂಡ ಸಿಗುತ್ತದೆ, ಕೆಲವರು ಬೇರೆ ಕಾರಣಕ್ಕೆ ತೀರಿಹೋಗುತ್ತಾರೆ. ಆರು ವಾರ ಮುಂಚೆ ಮಾಡಿದರೆ ಸಾಕು, ಸರಾಸರಿ ನಾಳ ಅಷ್ಟರಲ್ಲಿ ಹಿಗ್ಗಿ ಹಣ್ಣಾಗುತ್ತದೆ ಎಂಬುದು ಅವರ ವಾದ. ನಿಯಮ ಮಾಡುವ ಆರೋಗ್ಯ ಮಂಡಳಿ ಒಪ್ಪಿತು. ಖಾಸಗಿಯಲ್ಲಿ ಈ ಶಸ್ತ್ರಕ್ರಿಯೆ ಮಾಡಬಾರದೆಂಬ ಕಾನೂನಿನ ಕರಡನ್ನೂ ಅವರೇ ಬರೆದುಕೊಟ್ಟರು. ನಕ್ಷೆಯ ಪುಟದಲ್ಲಿ ತಂತ್ರಜ್ಞರು ತಮ್ಮ ಅಭಿಪ್ರಾಯ ಬರೆಯುವ ಒಂದು ಕಾಲಂ ಇತ್ತು. ಅದನ್ನು ತೆಗೆಸಿಬಿಟ್ಟರು.

ಕಸ್ತೂರಿ ಅವರ ಕೋಣೆಗೆ ಹೋದಳು.

“ಸರ್, ತೆಳ್ಳಗಿನ ಹೆಣ್ಣಮಕ್ಕಳಿಗೆ ಆರು ವಾರ ಸಾಲಂಗಿಲ್ರಿ. ಇದು ನನ್ನ ತಂಗಿ ನಕ್ಷೆ. ನೋಡ್ರಿ ಒಂದ ಸಲ.”

ತೇರದಾಳರು ನಕ್ಷೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಚಹಾ ತಗೋತೀರೇನು?” ಎಂದರು. ಆಮೇಲೆ, “ನೋಡವಾ, ನಾಲ್ಕು ಸಾವಿರ ಮಂದಿಗೆ ಒಂದು ನಿಯಮ ಇರ್ತದ. ಎಲ್ಲಾರೂ ತಮ್ಮ ತಮ್ಮ ತಂಗೀನ್ನ ಕರಕೊಂಡು ಬಂದ್ರ ನಾ ಏನು ಮಾಡ್ಲಿ?” ಎಂದು ಬಾಗಿಲ ಕಡೆ ನೋಡಿದರು.

ದ್ರಾಕ್ಷಾಯಣಿಗೆ ಆರು ವಾರ ಉಳಿದಾಗ ಶಸ್ತ್ರಕ್ರಿಯೆ ಆಯಿತು. ಮೂಗು ಹೇಳಿದ ದಿನವೇ ಪೊರೆ ನಿಂತಿತು. ಎಡಗೈಯ ನಾಳ ಇನ್ನೂ ಹುಲ್ಲುಕಡ್ಡಿಯಷ್ಟಿತ್ತು. ಬೇರೆ ದಾರಿಯಿಲ್ಲದೆ ಕುತ್ತಿಗೆಯ ದೊಡ್ಡ ನಾಳಕ್ಕೆ ನಳಿಕೆ ಹಾಕಿದರು. ಅದರ ಇನ್ನೊಂದು ತುದಿ ಹೃದಯದ ಬಾಗಿಲಲ್ಲಿರುತ್ತದೆ. ಹೊರಗಿನ ಸೋಂಕಿಗೆ ಅದು ನೆಟ್ಟಗಿನ ರಸ್ತೆ. ಹತ್ತೊಂಬತ್ತನೆಯ ದಿನ ಚಳಿಜ್ವರ ಬಂತು. ಇಪ್ಪತ್ತೆರಡನೆಯ ದಿನ ಅವಳಿರಲಿಲ್ಲ.

ಅದೇ ತಿಂಗಳು ತೇರದಾಳರಿಗೆ ಬೆಂಗಳೂರಿನಲ್ಲಿ ಪ್ರಶಸ್ತಿ ಬಂತು. ಕೇಂದ್ರದಲ್ಲಿ ಪೇಢೆ ಹಂಚಿದರು. ಕಸ್ತೂರಿ ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು, ತಾಯಿಯ ಮುಂದಿಟ್ಟು, ಏನಾಯಿತೆಂದು ಹೇಳಿದಳು. ಗೌರವ್ವ ಪೇಢೆಯನ್ನು ಒಲೆಗೆ ಹಾಕಿದಳು.

“ಅಂವನ ಬಾಯಿಲೇ ಹೇಳಸು,” ಎಂದಳು. “ನಾ ಮಾಡಿದ್ದು ತಪ್ಪ ಅಂತ ಅಂವನ ಬಾಯಿಲೇ ಬರಬೇಕು. ಆಮ್ಯಾಲ ನೀ ಏನ ಬೇಕಾರ ಮಾಡು.”

ಆ ದಿನದಿಂದ ಕಸ್ತೂರಿ ಆ ಕೇಂದ್ರವನ್ನು ಬಿಡಲಿಲ್ಲ. ಕಲಬುರಗಿಗೆ ಬಡ್ತಿ ಬಂದಾಗ ಬೇಡವೆಂದಳು. ನೋಡಲು ಬಂದ ವರನಿಗೂ ಬೇಡವೆಂದಳು. ತೇರದಾಳರು ನಿವೃತ್ತರಾದರು, ಅವಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಗೆ ಸರದಿ ನಿರ್ಧರಿಸುವ ನಿಯಂತ್ರಣ ಕೋಣೆಯ ಮುಖ್ಯಸ್ಥೆಯಾದಳು. ಗೋಡೆಯಗಲದ ಪರದೆಯ ಮೇಲೆ ವಲಯದ ಎಲ್ಲ ಮೂಗುಗಳೂ ಚುಕ್ಕೆಗಳಾಗಿ ಮಿನುಗುತ್ತಿದ್ದವು. ಆರು ವಾರದ ನಿಯಮಕ್ಕೆ ಸಿಕ್ಕಿ, ನಾಳ ಹಣ್ಣಾಗದೆ, ಕುತ್ತಿಗೆಯ ನಳಿಕೆಯಿಂದ ಸತ್ತವರ ಹೆಸರುಗಳನ್ನು ಅವಳು ಒಂದೊಂದಾಗಿ ಕೂಡಿಸಿಟ್ಟಳು. ಹನ್ನೊಂದು ವರ್ಷಕ್ಕೆ ಇನ್ನೂರ ಹನ್ನೆರಡು ಹೆಸರು. ನಿಯಮ ತೆಗೆಯಿರೆಂದು ಮಂಡಳಿಗೆ ನಾಲ್ಕು ಸಲ ಬರೆದಳು. ನಾಲ್ಕು ಸಲವೂ ಒಂದೇ ಉತ್ತರ: ನಿಯಮಕ್ಕೆ ಆಧಾರವಾದ ಪ್ರಬಂಧವನ್ನು ಅದರ ಲೇಖಕರು ಹಿಂಪಡೆಯದ ಹೊರತು ಮರುಪರಿಶೀಲನೆ ಸಾಧ್ಯವಿಲ್ಲ.

ಹನ್ನೆರಡನೆಯ ವರ್ಷದ ಒಂದು ಮುಂಜಾನೆ ಪರದೆಯ ಮೇಲೆ ಹೊಸ ಹೆಸರು ಬಂತು. ವಸಂತ ತೇರದಾಳ, ಅರವತ್ತೊಂಬತ್ತು ವರ್ಷ, ಸಕ್ಕರೆ ಕಾಯಿಲೆ, ಹೊಟ್ಟೆ ಡಯಾಲಿಸಿಸ್. ನಿವೃತ್ತಿಯ ಮೇಲೆ ಧಾರವಾಡದಲ್ಲಿದ್ದವರು ಹೆಂಡತಿಯ ಊರಾದ ಬಾಗಲಕೋಟೆಗೆ ಮನೆ ಬದಲಾಯಿಸಿದ್ದರು. ಮೂಗು ಹತ್ತೊಂಬತ್ತು ವಾರ ತೋರಿಸುತ್ತಿತ್ತು.

ಮುಖ್ಯಸ್ಥೆಯಾದ ಮೇಲೆ ಕಸ್ತೂರಿ ನಕ್ಷೆ ತೆಗೆಯುವುದನ್ನು ಬಿಟ್ಟಿದ್ದಳು. ಅಂದು ತಾನೇ ಕೆಳಗಿಳಿದು ಹೋದಳು.

ತೇರದಾಳರು ಮಂಚದ ಮೇಲೆ ಎಡಗೈ ಚಾಚಿ ಮಲಗಿದ್ದರು. ಬಲಗೈಯ ನಾಳಗಳೆಲ್ಲ ವರ್ಷಗಟ್ಟಲೆ ಸಲೈನ್ ಸೂಜಿಗೆ ಹಾಳಾಗಿದ್ದವು. ಉಳಿದಿದ್ದು ಎಡಗೈಯ ಒಂದೇ ನಾಳ. ಅವಳು ಕಡ್ಡಿಗೆ ಜೆಲ್ ಹಚ್ಚಿ ನಿಧಾನಕ್ಕೆ ಆಡಿಸಿದಳು. ಒಂದೂ ಮುಕ್ಕಾಲು ಮಿಲಿಮೀಟರ್. ಪಕ್ಕದ ಅಪಧಮನಿ ಸಕ್ಕರೆಯಿಂದ ಗಡುಸಾಗಿತ್ತು.

ಅವರೂ ಪರದೆ ನೋಡುತ್ತಿದ್ದರು. ಅವರಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ.

“ಇದಕ್ಕ ಹದಿನಾರು ವಾರ ಬೇಕ ಬೇಕು,” ಎಂದರು. “ಮುಂದಿನ ಸೋಮವಾರಕ್ಕ ತಯಾರಿ ಮಾಡ್ರಿ. ಇನ್ನ ತಡ ಮಾಡಬಾರದು.”

“ಆರು ವಾರ ಉಳಿದಾಗ ಕರೀತೀವ್ರಿ ಸರ್. ನಿಯಮ ಹಂಗೈತಿ.”

“ಅದು ಸರಾಸರಿಗೆ. ನೀವು ಟೆಕ್ನೀಶಿಯನ್, ನಾಳ ಸಣ್ಣ ಅದ ಅಂತ ಅಭಿಪ್ರಾಯ ಬರೀರಿ.”

“ಬರಿಯಾಕ ಕಾಲಂ ಇಲ್ರಿ. ನೀವ ತೆಗಸೀರಿ.”

ಅವರು ತಲೆ ತಿರುಗಿಸಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಗುರುತು ಹತ್ತಲಿಲ್ಲ.

“ಕೆರೂರ ಅಂತರಿ. ತಂಗಿ ನಕ್ಷೆ ತಗೊಂಡ ನಿಮ್ಮ ರೂಮಿಗೆ ಬಂದಿದ್ದೆ. ಚಹಾ ಕೇಳಿದ್ರಿ ನೀವು.” ಅವಳು ಅವರ ತೋಳಿನ ಜೆಲ್ ಒರೆಸಿದಳು. “ಈ ಕೈಗೆ ಯಾರಿಗೂ ಸೂಜಿ ಚುಚ್ಚಾಕ ಬಿಡಬ್ಯಾಡ್ರಿ.”

ಮೆಟ್ಟಿಲು ಹತ್ತುವಾಗ ಅವಳ ಎದೆ ಹಗುರಾಗಿತ್ತು. ಅದು ಸಂತೋಷವೇ ಎಂದು ಅವಳಿಗೆ ಅನುಮಾನವಿರಲಿಲ್ಲ.

ಮೂರು ದಿನ ಬಿಟ್ಟು ತೇರದಾಳರ ಹೆಂಡತಿ ಇಂದುಮತಿ ರೊಟ್ಟಿ ಕೇಂದ್ರಕ್ಕೆ ಬಂದಳು. ರವಿವಾರ, ಕಸ್ತೂರಿ ಮನೆಯಲ್ಲಿದ್ದಳು. ಇಂದುಮತಿ ಗಂಡನ ನಾಲ್ಕು ಹೊತ್ತಿನ ಡಯಾಲಿಸಿಸ್ ಚೀಲಗಳನ್ನು ತಾನೇ ಬದಲಾಯಿಸುವವಳು. ಸಾಬೂನಿನಿಂದ ತೊಳೆದೂ ತೊಳೆದೂ ಅವಳ ಕೈ ಬಿರಿದಿದ್ದವು.

“ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಗೌರವ್ವ ಮಣೆ ಕೊಟ್ಟಳು. ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಕಸ್ತೂರಿ ಅವರ, ಅವರು ಊಟ ಬಿಟ್ಟಾರ,” ಎಂದಳು ಇಂದುಮತಿ. “ಕುತ್ತಿಗಿ ನಳಿಗಿ ಅಂದ್ರ ಏನು ಅಂತ ನನಗ ಹೇಳ್ಯಾರ. ನಿಮ್ಮ ತಂಗಿದೂ ಹೇಳ್ಯಾರ. ತಪ್ಪಾಗೇದ. ನಾ ಕೈ ಮುಗೀತೀನಿ.”

ತವೆಯ ಮೇಲಿನ ರೊಟ್ಟಿ ಹೊತ್ತಿತು. ಗೌರವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟಳು. “ತೇರದಾಳ ಮನ್ಯಾವರೇನು?” ಎಂದಳು. “ನೀವು ಕೈ ಮುಗಿದ್ರ ಏನಾಕ್ಕೈತ್ರಿ? ತಪ್ಪು ನಿಮ್ಮದಲ್ಲ. ಅಂವಗ ಕೈ ಅದಾವಲ್ಲ, ಬರೀ ಅನ್ರಿ.”

ಕಸ್ತೂರಿ ಒಳಗಿನಿಂದ ಹೆಸರುಗಳ ಕಟ್ಟು ತಂದಳು. “ಪ್ರಬಂಧ ಹಿಂದಕ್ಕ ತಗೊಂಡ್ರ ಹಳೇ ನಿಯಮ ತಾನ ಬರತೈತಿ. ಆದ್ರ ಒಂದ ಸಾಲಿನ ಪತ್ರ ನಡ್ಯಾಂಗಿಲ್ರಿ. ಈ ಇನ್ನೂರ ಹನ್ನೆರಡು ಮಂದೀದು ಒಬ್ಬೊಬ್ಬರದೂ ಓದಿ, ಹದಿನಾರು ವಾರ ಕೊಟ್ಟಿದ್ರ ಇವರು ಬದುಕತಿದ್ರೋ ಇಲ್ಲೋ ಅಂತ ಅವರ ಕೈಲೇ ಬರೀಬೇಕು. ನನ್ನ ಕೋಣ್ಯಾಗ ಕುಂತು ಬರೀಬೇಕು.”

ತೇರದಾಳರು ಮರುದಿನವೇ ಬಂದರು. ನಿಯಂತ್ರಣ ಕೋಣೆಯ ಕಿಟಕಿಯ ಪಕ್ಕ ಅವರಿಗೆ ಮೇಜು ಹಾಕಿಸಿದಳು. ಮಧ್ಯಾಹ್ನದ ಚೀಲವನ್ನು ಇಂದುಮತಿ ಕಿಟಕಿಯ ಕೊಕ್ಕೆಗೆ ನೇತುಹಾಕುವಳು. ದ್ರವ ಇಳಿಯುತ್ತಿರುವಾಗ ಅವರು ಓದುವರು, ಬರೆಯುವರು. ಮೊದಲ ದಿನ ಪ್ರತಿ ಹೆಸರಿಗೆ ಎರಡು ಸಾಲು ಬರೆದರು. ಕಸ್ತೂರಿ ಹಾಳೆ ಹಿಂದಿರುಗಿಸಿದಳು.

“ಗಾಯತ್ರಿ ಬೀಳಗಿ. ವಯಸ್ಸೆಷ್ಟು ಬರದಿಲ್ಲ ನೀವು.”

“ಇಪ್ಪತ್ತಾರು.”

“ಬರೀರಿ. ಎಂಟು ತಿಂಗಳ ಕೂಸಿತ್ತು ಆಕೀಗೆ. ಅದನ್ನೂ ಬರೀರಿ.”

ನಾಲ್ಕನೆಯ ದಿನ ಅವರು ವಾದ ಮಾಡಿದರು. “ಆಗ ನಮ್ಮ ಕಡೆ ಇದ್ದ ಅಂಕಿಅಂಶದಾಗ ಹೆಣ್ಣಮಕ್ಕಳು ಹತ್ತಕ್ಕೆ ಇಬ್ಬರು. ಸರಾಸರಿ ಗಂಡಸರದು ಬಂತು. ನಾ ಬೇಕಂತ ಮಾಡಿದ್ದಲ್ಲ.”

“ಅದನ್ನ ಬರೀರಿ ಸರ್. ಹಂಗ ಬರೀರಿ.”

ಏಳನೆಯ ದಿನ ದ್ರಾಕ್ಷಾಯಣಿಯ ಹಾಳೆ ಬಂತು. ಅವರು ಅದನ್ನು ಎರಡು ಸಲ ಓದಿದರು. ಕೊನೆಗೆ ಕೇಳಿದರು: “ಈಕಿ ಏನು ಕೆಲಸ ಮಾಡ್ತಿದ್ಲು?”

“ರೊಟ್ಟಿ ಬಡೀತಿದ್ಲು.”

ಅವರು ಅದನ್ನೂ ಬರೆದರು. ‘ಮುಂಚಿತವಾಗಿ ಎಚ್ಚರಿಸಲಾಗಿತ್ತು. ನಾನು ನಕ್ಷೆಯನ್ನು ನೋಡಲಿಲ್ಲ’ ಎಂದು ಬರೆದು ಕೆಳಗೆ ಸಹಿ ಹಾಕಿದರು. ಅವರ ಕಣ್ಣು ಒದ್ದೆಯಾಗಿದ್ದವು. ಕಸ್ತೂರಿ ಅದನ್ನು ನೋಡಿದಳು. ತನ್ನಲ್ಲಿ ಏನಾದರೂ ಸಡಿಲಾಗುತ್ತದೆಯೋ ಎಂದು ಕಾದಳು. ಏನೂ ಆಗಲಿಲ್ಲ.

ಹನ್ನೊಂದನೆಯ ದಿನ ಬರಹ ಮುಗಿದು ಮಂಡಳಿಗೆ ಹೋಯಿತು. ಪತ್ರಿಕೆಗಳಲ್ಲಿ ಬಂತು. ಮಂಡಳಿಯವರು ಎರಡು ವಾರ ಮೀನಮೇಷ ಎಣಿಸಿ, ಕೊನೆಗೆ ಹದಿನಾರು ವಾರದ ನಿಯಮವನ್ನು ಹಿಂದಕ್ಕೆ ತಂದರು. ತಂತ್ರಜ್ಞರ ಕಾಲಂ ಕೂಡ ಬಂತು. ಅಷ್ಟರಲ್ಲಿ ತೇರದಾಳರ ಮೂಗು ಹದಿನಾಲ್ಕು ವಾರ ತೋರಿಸುತ್ತಿತ್ತು.

ಆದರೆ ಕಾಯುತ್ತಿದ್ದವರು ಅವರೊಬ್ಬರೇ ಅಲ್ಲ. ಸಣ್ಣ ನಾಳ ಹೊಲಿಯುವ ಸೂಕ್ಷ್ಮಯಂತ್ರ ವಲಯಕ್ಕೆಲ್ಲ ಒಂದೇ ಇತ್ತು. ವಾರಕ್ಕೆ ಮೂರು ಶಸ್ತ್ರಕ್ರಿಯೆ ಮಾತ್ರ ಮಾಡಬಲ್ಲದು. ಉಳಿದ ವಾರ ಮತ್ತು ನಾಳದ ಅಗಲ ಎರಡನ್ನೂ ನೋಡಿ ಗಣಕಯಂತ್ರ ಸರದಿ ಹಚ್ಚಿತು. ತೇರದಾಳರಿಗಿಂತ ತುರ್ತಿನವರು ಹನ್ನೆರಡು ಮಂದಿ. ಆಮೇಲೆ ಏಳು ಮಂದಿ ಒಂದೇ ಸ್ಥಾನದಲ್ಲಿದ್ದರು, ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ. ಆ ಏಳರಲ್ಲಿ ತೇರದಾಳರೂ ಒಬ್ಬರು. ಸಮಾನರಾದವರ ನಡುವೆ ಯಾರು ಮೊದಲೆಂದು ಮುಖ್ಯಸ್ಥರು ನಿರ್ಧರಿಸಬೇಕೆಂದು ನಿಯಮದಲ್ಲಿತ್ತು.

ಏಳರಲ್ಲಿ ಮೊದಲಿಗರಾದರೆ ಹತ್ತು ವಾರ ಉಳಿದಿರುವಾಗ ಶಸ್ತ್ರಕ್ರಿಯೆ. ಅಷ್ಟು ಸಮಯದಲ್ಲಿ ಅವರ ನಾಳ ಹಣ್ಣಾಗುವ ಸಾಧ್ಯತೆ ಅರ್ಧಕ್ಕರ್ಧ ಇತ್ತು. ಕೊನೆಯವರಾದರೆ ಏಳು ವಾರ ಚಿಲ್ಲರೆ. ಆಗ ಸಾಧ್ಯತೆ ಇಲ್ಲವೆನ್ನುವಷ್ಟು.

ಕಸ್ತೂರಿ ಆರು ಹೆಸರುಗಳನ್ನು ನೋಡಿದಳು. ಬಾದಾಮಿಯ ಒಬ್ಬ ಕ್ಷೌರಿಕ, ಮುಧೋಳದ ಅಂಗನವಾಡಿ ಶಿಕ್ಷಕಿ, ಒಬ್ಬ ಲಾರಿ ಡ್ರೈವರ್, ಮೂವರು ಗೃಹಿಣಿಯರು. ಯಾರನ್ನು ಮುಂದಿಟ್ಟರೂ ಯಾರೂ ಕೇಳುವಂತಿರಲಿಲ್ಲ. ಏಳನೆಯ ಜಾಗಕ್ಕೆ ತೇರದಾಳರನ್ನು ಇಟ್ಟಳು.

ತೇರದಾಳರು ಫೋನು ಮಾಡಿದರು. “ಕೆರೂರ ಅವರ, ಇಲ್ಲೇನೋ ತಪ್ಪಾಗಿರಬೇಕು. ಹತ್ತೊಂಬತ್ತನೇದು ಅಂತ ತೋರಸ್ತದ.”

“ತಪ್ಪಲ್ರಿ.”

“ನಾ ಎಲ್ಲಾ ಬರದುಕೊಟ್ಟೀನಿ. ನೀವು ಹೇಳಿದ್ಹಂಗ ಬರದೀನಿ.”

“ನೀವು ಬರದದ್ದಕ್ಕ ಆ ಹದಿನೆಂಟು ಮಂದಿ ನಿಮಗಿಂತ ಮೊದಲ ಹೊಂಟಾರ ಸರ್. ಇಲ್ಲಾಂದ್ರ ಅವರೂ ಆರ ವಾರಕ್ಕ ಬರಬೇಕಿತ್ತು.”

ಅವರು, “ತಿಳೀತು,” ಎಂದು ಫೋನು ಇಟ್ಟರು. ಮತ್ತೆಂದೂ ಮಾಡಲಿಲ್ಲ.

ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಇಂದುಮತಿ ದಿನವೂ ಗಂಡನ ಕೈಗೆ ಮೆತ್ತನೆಯ ಚೆಂಡು ಕೊಟ್ಟು ಹಿಸುಕಿಸಿದಳು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಗುಂಯ್ ಅನ್ನುತ್ತದೆಯೇ ಎಂದು ನೋಡುವಳು. ಮಂದವಾಗಿ ಅನ್ನುತ್ತಿತ್ತು. ನಾಳ ಎರಡೂ ಮುಕ್ಕಾಲು ಮಿಲಿಮೀಟರಿಗೆ ಬಂದು ನಿಂತಿತು. ಸೂಜಿಗೆ ಕನಿಷ್ಠ ಐದಾದರೂ ಬೇಕು. ಮೂಗು ಹೇಳಿದ ವಾರವೇ ಪೊರೆ ನಿಂತಿತು. ಕುತ್ತಿಗೆಗೆ ನಳಿಕೆ ಹಾಕಿದರು.

ಇಪ್ಪತ್ತಮೂರು ದಿನ ಬದುಕಿದರು.

ಸುದ್ದಿ ಹೇಳಿದಾಗ ಗೌರವ್ವ ಹಿಟ್ಟು ನಾದುತ್ತಿದ್ದಳು. “ಹೋದನಾ?” ಎಂದಳು. “ಹೂಂ” ಎಂದಳು ಕಸ್ತೂರಿ. ಗೌರವ್ವ ನಾದುವುದನ್ನು ನಿಲ್ಲಿಸಲಿಲ್ಲ. ಆದರೆ ಆ ದಿನದ ರೊಟ್ಟಿಗಳೆಲ್ಲ ಅಂಚು ಸೀಳಿ ಬಂದವು, ಒಂದನ್ನೂ ಮಾರಲಾಗಲಿಲ್ಲ. ತಾಯಿ ಮಗಳು ಎರಡು ದಿನ ಅವನ್ನೇ ತಿಂದರು. ಇಬ್ಬರಿಗೂ ಹಸಿವು ಜೋರಿತ್ತು.

ಹದಿಮೂರನೆಯ ದಿನದ ಕಾರ್ಯ ಮುಗಿಸಿ ಇಂದುಮತಿ ಕೇಂದ್ರಕ್ಕೆ ಬಂದಳು. ನಿಯಂತ್ರಣ ಕೋಣೆಗೆ ನೇರವಾಗಿ ಬಂದು, ಗಂಡ ಕೂತು ಬರೆದ ಮೇಜಿನ ಮುಂದೆ ನಿಂತಳು.

“ಏಳು ಮಂದಿ ಸಮಾ ಇದ್ದರಂತ. ಕೆಳಗಿನವರು ಹೇಳಿದ್ರು. ಇವರನ್ನ ಕಡೀಗೆ ಇಟ್ಟವರು ಯಾರು?”

“ನಾನ.”

“ಯಾಕ?”

“ನನ್ನ ತಂಗಿ ಸಲುವಾಗಿ.”

ಇಂದುಮತಿ ಇದನ್ನು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ. ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಯೋಚಿಸಿಕೊಂಡು ಬಂದಿದ್ದಳು. “ಅವರು ಅತ್ತು ಬರದಿದ್ರು,” ಎಂದಳು. “ನೀವು ನೋಡೀರಿ. ನಾನೂ ಇಲ್ಲೇ ಇದ್ದೆ.”

“ನೋಡೀನ್ರಿ.”

“ಆದರೂ?”

“ಆದರೂ.”

ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತಿದ್ದವು. ಇಂದುಮತಿಯ ಬಿರಿದ ಕೈ ಮೇಜಿನ ಅಂಚನ್ನು ಹಿಡಿದಿದ್ದವು. “ನಾ ನಿನ್ನ ಬಿಡಂಗಿಲ್ಲ,” ಎಂದಳು. ಅಷ್ಟು ದಿನ ಬಹುವಚನದಲ್ಲಿ ಮಾತಾಡಿದವಳು. “ಎಷ್ಟ ವರ್ಷ ಆಗಲಿ, ನಿನ್ನ ಬಿಡಂಗಿಲ್ಲ.”

“ಬಿಡಬ್ಯಾಡ್ರಿ,” ಎಂದಳು ಕಸ್ತೂರಿ.

ಅವಳು ಸರದಿಯ ಪಟ್ಟಿಯನ್ನು ತೆರೆದಳು. ಸಮಾನರ ನಡುವೆ ನಿರ್ಧಾರ ತೆಗೆದುಕೊಂಡ ದಿನಾಂಕ, ಹೊತ್ತು, ತನ್ನ ಹೆಸರು ಇದ್ದ ಪುಟವನ್ನು ಮುದ್ರಿಸಿದಳು. ದೂರಿನ ನಮೂನೆಯನ್ನೂ ತಂದು ಪಕ್ಕದಲ್ಲಿಟ್ಟು, ಕುರ್ಚಿ ಎಳೆದುಕೊಟ್ಟಳು. ಇಂದುಮತಿ ಕೂತಳು. ಮೊದಲ ಸಾಲು ಎರಡು ಸಲ ತಪ್ಪಿತು.

“ಮೂರನೇ ಕಾಲಂದಾಗ ಬರೀರಿ,” ಎಂದಳು ಕಸ್ತೂರಿ. “ಉದ್ದೇಶಪೂರ್ವಕವಾಗಿ, ಅಂತ ಬರೀರಿ. ಅದು ಇಲ್ಲಾಂದ್ರ ನೌಕರಿ ಅಷ್ಟ ಹೋಗತೈತಿ. ಅದಿದ್ರ ಕೋರ್ಟಿಗೆ ಹೋಗತೈತಿ.”

ಇಂದುಮತಿ ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ, ಆ ಪದವನ್ನು ಒಂದೊಂದೇ ಅಕ್ಷರವಾಗಿ ಬರೆದಳು.

ಕೆಳಗಿನಿಂದ ಕರೆ ಬಂತು. ಮುಧೋಳದ ಅಂಗನವಾಡಿ ಶಿಕ್ಷಕಿ ತಪಾಸಣೆಗೆ ಬಂದಿದ್ದಳು; ಅವಳ ನಾಳ ಐದೂವರೆ ಮಿಲಿಮೀಟರಿಗೆ ಬಂದಿತ್ತು, ಮೊದಲ ಸೂಜಿಗೆ ಗುರುತು ಹಾಕಬೇಕಿತ್ತು. ಕಸ್ತೂರಿ ಗುರುತಿನ ಪೆನ್ನು ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಮೇಲಿನ ಕೋಣೆಯಲ್ಲಿ ಇಂದುಮತಿ ಇನ್ನೂ ಬರೆಯುತ್ತಿದ್ದಳು.